ತಾತನ ಕಿವಿಗೆ ಬಿದ್ದ ಬೇಸ್ ಗಿಟಾರ್

ಕಿವಿ ಡಾಕ್ಟರ ಬಾಗಿಲ ಮುಂದೆ ಸರದಿಗೆ ಕಾಯುತ್ತಿದ್ದ ಲೇತ್ ಮೆಕ್ಯಾನಿಕ್‌ಗೆ ಪಕ್ಕದ ತಾತ-ಮೊಮ್ಮಗನ ಮಾತು ಬೇಡವೆಂದರೂ ಕೇಳುತ್ತಿತ್ತು. ತಾತನಿಗೆ ಕಿವಿ ಮಂದ, ಹಾಗಾಗಿ ಇಬ್ಬರದೂ ಕೂಗಾಟವೇ.

"ಬ್ಯಾಂಡ್ ಬಿಟ್ಬಿಡ್ತೀನಿ ತಾತ. ನನ್ನ ಬೇಸ್ ಗಿಟಾರಿನ ದಪ್ಪ ಸದ್ದು ಯಾರಿಗೂ ಕೇಳ್ಸಲ್ಲ. ನಿನ್ನೆ ಪ್ರೋಗ್ರಾಮಲ್ಲೂ ಎಲ್ರೂ ಹಾಡೋನನ್ನೇ ಕೇಳಿದ್ದು."

"ಹಾಡೋನಾ? ಅವನು ಸುಮ್ನೆ ಬಾಯಿ ತೆಗೆದು ಮುಚ್ತಿದ್ದ. ನನಗೇನೂ ಕೇಳ್ಲಿಲ್ಲ."

"ಮತ್ತೆ ಕೊನೇವರೆಗೂ ಯಾಕೆ ಕೂತಿದ್ದೆ?"

"ನಿನ್ನದೊಂದೇ ಕೇಳ್ತಿತ್ತಲ್ಲೋ! ಕುರ್ಚಿಯಿಂದ ಬೆನ್ನಿಗೆ ಹತ್ತಿ ಎದೇಲಿ ಗುಂಯ್ ಅಂತಿತ್ತು. ಕೊನೇ ಹಾಡಲ್ಲಿ ನೀನು ಒಂದ್ಕಡೆ ಎಡವ್ದೆ."

ಮೊಮ್ಮಗ ಬೆಚ್ಚಿಬಿದ್ದ. "ಅದು ನಮ್ ಬ್ಯಾಂಡಿನೋರಿಗೇ ಗೊತ್ತಾಗ್ಲಿಲ್ಲ!"

"ಹಾಗಾದ್ರೆ ಅವರನ್ನೂ ಈ ಡಾಕ್ಟರಿಗೆ ತೋರ್ಸು."

ನರ್ಸ್ ಕರೆದಳು. ತಾತ ಮೊಣಕಾಲು ಹಿಡಿದು ಎದ್ದ. "ಬ್ಯಾಂಡ್ ಬಿಡಲ್ಲ ಅಂತ ಅವರಿಗೆ ಫೋನ್ ಮಾಡು. ಆಮೇಲೆ ಒಳಗೆ ಬಾ."

ಮೊಮ್ಮಗ ಫೋನ್ ಕಿವಿಗಿಟ್ಟು ಹೊರನಡೆದ. "ಲೋ, ನಾಳೆ ಪ್ರಾಕ್ಟೀಸ್ ಎಷ್ಟೊತ್ತಿಗೋ?"