ತೇಪೆಯ ಒಳಮೈ

ಹೇಳಿಕೆ ಕೊಡುತ್ತಿರುವ ನಾನು ಮೃತರ ಹೆಂಡತಿ. ವಯಸ್ಸು ನಲವತ್ತಮೂರು. ಕಸುಬು, ಫೈಬರ್ ದೋಣಿ ರಿಪೇರಿ ಶೆಡ್ಡಿನಲ್ಲಿ ಗಾಜುನಾರಿನ ಹಾಸು ಕತ್ತರಿಸುವುದು. ವಾಸ, ಕೆರೆ ದಂಡೆಯ ಅದೇ ಶೆಡ್ಡಿನ ಹಿಂದಿನ ಮನೆ. ಓಣಿಯವರೆಲ್ಲ ಅಂಟಕ್ಕ ಎನ್ನುತ್ತಾರೆ. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಇಪ್ಪತ್ತು ವರ್ಷದಿಂದ ದೋಣಿಗೆ ತೇಪೆ ಹಾಕುವವರು. ಸೋಮವಾರ ಮಧ್ಯಾಹ್ನ ದೋಣಿಯವನೊಬ್ಬ ತಳದಲ್ಲಿ ತಟ್ಟೆಯಗಲ ತೂತು ಬಿದ್ದ ದೋಣಿ ತಂದು, ಮರುದಿನವೇ ಬೇಕೆಂದು ಪಟ್ಟು ಹಿಡಿದು ಕೂತ. ಗಾಜುನಾರಿನ ಹಾಸಿಗೆ ಹಚ್ಚುವ ಪಾಲಿಯೆಸ್ಟರ್ ರಾಳ ಅರ್ಧಕ್ಕೆ ಸಾಲುವಷ್ಟೇ ಇತ್ತು. ರಾಳದ ಅಂಗಡಿಗೆ ಅಂದು ರಜೆ. ನನ್ನ ಗಂಡ ಅದಕ್ಕೆ ಎಪಾಕ್ಸಿ ರಾಳ ಬೆರೆಸಿ, ಎರಡರ ಹಾರ್ಡನರ್‌ಗಳನ್ನೂ ಒಂದೇ ಡಬ್ಬಿಗೆ ಸುರಿದರು. ರಾಳ ಗಟ್ಟಿಯಾಗಲು ಅದರದೇ ಹಾರ್ಡನರ್ ಬೇಕು. ಎರಡನ್ನೂ ಕಲಸಿದರೆ ಎಪಾಕ್ಸಿಯದ್ದು ಪಾಲಿಯೆಸ್ಟರಿನದನ್ನು ಕೆಡಿಸುತ್ತದೆ. ಒಂದು ರಾಳ ಅರೆಬರೆ ಗಟ್ಟಿಯಾಗಿ, ಇನ್ನೊಂದು ಅದರ ನಡುವೆ ಹಸಿಯಾಗಿಯೇ ಉಳಿಯುತ್ತದೆ.

ಅವೆರಡೂ ಎಣ್ಣೆ ಸೀಗೇಕಾಯಿ, ಬೇಡ ಎಂದೆ. ಹಿಂದೊಮ್ಮೆ ನೀರಿನ ತೊಟ್ಟಿಗೆ ಹೀಗೇ ಮಾಡಿದ್ದು ನಿಂತಿದೆ ಎಂದರು. "ಇಪ್ಪತ್ತು ವರ್ಷದಿಂದ ನಾವಿಬ್ರೂ ಹೊಂದ್ಕೊಂಡಿಲ್ವೇನೇ? ಇವೂ ಹೊಂದ್ಕೊಳ್ತವೆ ಬಿಡು" ಎಂದು ನಕ್ಕರು. ನನಗೆ ರೇಗಿತು. "ನಿಮ್ಮ ಹಟ ಒಂದಿನ ನಿಮ್ಮನ್ನೇ ನುಂಗುತ್ತೆ ಕಣ್ರೀ" ಎಂದು ಕೂಗಿದೆ. ಪಕ್ಕದ ಮನೆಯಲ್ಲಿರುವ ಗಂಡನ ಅಣ್ಣ, ನಮ್ಮ ಭಾವನವರಿಗೆ ಕೇಳಿಸಿದ್ದು ಈ ಕೂಗು ಮಾತ್ರ.

ದೋಣಿಯನ್ನು ಬೋರಲು ಹಾಕಿ, ಹೊರಗಿನಿಂದ ತೇಪೆ ಹಚ್ಚಿ, ಮೇಲೆ ಶಾಖದ ದೀಪ ಇಟ್ಟರು. ಸಂಜೆ ಉಗುರಿನಿಂದ ಗೀರಿ ನೋಡಿದಾಗ ಹೊರಮೈ ಕಲ್ಲಾಗಿತ್ತು. ಒಳಮೈ ಹಸಿಯಿದ್ದರೂ ಕಣ್ಣಿಗೆ ಹಾಗೇ ಹೊಳೆಯುತ್ತದೆ, ಬೆರಳಿಟ್ಟರೆ ಮಾತ್ರ ತಿಳಿಯುತ್ತದೆ. ಅಲ್ಲಿ ಯಾರೂ ಬೆರಳಿಡಲಿಲ್ಲ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅವರು ಉಂಗುರ, ಗಡಿಯಾರ ಬಿಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ರಿಪೇರಿಯಾದ ದೋಣಿಯನ್ನು ತಾವೇ ನೀರಿಗಿಳಿಸಿ ಒಂದು ಸುತ್ತು ಹಾಕದೆ ಕೊಡುವವರಲ್ಲ. ಬಂದು ರಾಳದ ಇನ್ನೊಂದು ಕೋಟು ಹಚ್ಚಬೇಕು, ಬ್ರಷ್ ತೊಳೆದಿಡು ಎಂದರು. ನಾನು ಮುನಿಸಿನಲ್ಲೇ ಬ್ರಷ್ ತೊಳೆದಿಟ್ಟೆ. ದಂಡೆಯಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿ ದೋಣಿ ಮುಳುಗಿತು. ಅವರಿಗೆ ಈಜು ಬರುತ್ತಿತ್ತು, ಆದರೆ ಬಲಭುಜ ಹೋದ ವರ್ಷದಿಂದ ಮೇಲೇಳುತ್ತಿರಲಿಲ್ಲ.

ಉಂಗುರ ಗಡಿಯಾರ ಬಿಚ್ಚಿಟ್ಟು ಹೋದವನು ಮರಳುವ ಮನಸ್ಸಿನಿಂದ ಹೋದವನಲ್ಲ, ಹೆಂಡತಿಯ ಬಾಯಿ ತಾಳಲಾರದೆ ಪ್ರಾಣ ಕಳೆದುಕೊಂಡ ಎಂದು ಭಾವನವರು ಬರೆಸಿದ್ದಾರೆಂದು ತಾವು ತಿಳಿಸಿದಿರಿ. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಆದರೆ ಅದೇ ಮಾತು ಠಾಣೆಯ ಕಾಗದದಲ್ಲಿ ನಿಂತರೆ ನನ್ನಿಂದ ತಡೆದುಕೊಳ್ಳಲಾಗದು. ಭಾವನವರು ಬಟ್ಟೆ ವ್ಯಾಪಾರದವರು, ರಾಳದ ಕೆಲಸ ಅವರಿಗೆ ತಿಳಿಯದು. ಉಂಗುರದಡಿ ರಾಳ ಸೇರಿ ಗಟ್ಟಿಯಾದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕು. ನಮ್ಮ ಮದುವೆಯ ಉಂಗುರ ಹಾಗೇ ಹೋಯಿತು. ಆಮೇಲೆ ಮಾಡಿಸಿದ್ದನ್ನೂ ಗಡಿಯಾರವನ್ನೂ ಅವರು ರಾಳಕ್ಕೆ ಕೈ ಹಾಕುವ ದಿನ ಮಾತ್ರ ಬಿಚ್ಚುತ್ತಿದ್ದರು. ಬಂದು ಕೆಲಸ ಮಾಡುವುದಿತ್ತು, ಅದಕ್ಕೇ ಬಿಚ್ಚಿದರು.

ಇಂದು ಠಾಣೆಯ ಹಿಂಬದಿಯಲ್ಲಿ ತಾವು ದೋಣಿಯನ್ನು ತೋರಿಸಿದಿರಿ. ತೇಪೆ ಮೂರು ಕಡೆ ಬಿಟ್ಟು, ಒಂದು ಕಡೆ ಅಂಟಿಕೊಂಡಿದೆ. ಒಳಮೈ ಇನ್ನೂ ಮೇಣದಷ್ಟು ಮೆತ್ತಗಿದೆ. ಅದರಲ್ಲಿ ಒಂದು ಎಡಗೈ ಆಳವಾಗಿ ಒತ್ತಿ ಮೂಡಿದೆ. ಕಿರುಬೆರಳು ಸೊಟ್ಟಗಿದೆ, ಅದು ನನ್ನ ಗಂಡನ ಕೈಯೇ. ನೀರು ನುಗ್ಗುವಾಗ ದೋಣಿಯೊಳಗಿನಿಂದ ತೇಪೆಯನ್ನು ಒತ್ತಿ ಹಿಡಿದಿದ್ದಾರೆ. ಸಾಯಲು ಹೊರಟವನು ತೂತಿಗೆ ಕೈ ಅಡ್ಡ ಕೊಡುವುದಿಲ್ಲ. ಇದನ್ನು ದಾಖಲಿಸಬೇಕು.

ತನಿಖೆ ಮುಗಿದ ಮೇಲೆ ಆ ತೇಪೆಯನ್ನು ನನಗೆ ಕೊಡಿಸಬೇಕು. ಅಲ್ಲಿಯವರೆಗೆ ಬಿಸಿಲಿಗಿಡದೆ, ಅದರ ಮೇಲೆ ಏನನ್ನೂ ಹೇರದೆ ಕಾಯಬೇಕು. ಯಾರು ಮುಟ್ಟಿದರೂ ನನ್ನ ಗಂಡನ ಕೈಗುರುತು ಕೆಟ್ಟುಹೋಗುತ್ತದೆ. ನಾನೂ ಮುಟ್ಟಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಠಾಣೆ
ದಿನ: ಗುರುವಾರ
ಸಹಿ: ಅಂಟಕ್ಕ, ಮೃತರ ಹೆಂಡತಿ