ಹರಾಜಿನ ದಿನದ ಪ್ರಶ್ನೆ

ಅಧ್ಯಕ್ಷತೆ ವಹಿಸಿರುವ ಹಾಲಿನ ಸಂಘದ ಗಂಗರಾಜು ಅವರೇ, ಇಂದು ಸನ್ಮಾನ ಸ್ವೀಕರಿಸಿ, ಈ ಸೆಕೆಯಲ್ಲೂ ಶಾಲು ತೆಗೆಯದೆ ಕುಳಿತಿರುವ ಹಿರಿಯರಾದ ಮರುಳಸಿದ್ದಯ್ಯನವರೇ, ಕಾರ್ಯದರ್ಶಿ ರವೀಂದ್ರ ಅವರೇ, ನಮ್ಮ ಸಂಜೆ ತರಗತಿಯ ಅಕ್ಕಂದಿರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿದ ಹಾಗೂ ಸಿಗದ ಸಭಿಕರೇ,

ನನ್ನ ಹೆಸರು ನಯನ. ಕಾಲೇಜಿನಲ್ಲಿ ಓದಿದ್ದು ಸಾಹಿತ್ಯ. ಇಲ್ಲಿ ದಂಡಿನಶಿವರದ ಡೇರಿಯ ಮೇಲಿನ ಕೋಣೆಯಲ್ಲಿ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೈಕಿನ ಮುಂದೆ ನಿಂತಿದ್ದು ಇದೇ ಮೊದಲು. ಮಾತು ತಪ್ಪಿದರೆ ದಯವಿಟ್ಟು ಬೇರೆ ಕಡೆ ನೋಡಿ.

ನಮ್ಮ ಕೋಣೆಯ ಬೆಂಚುಗಳನ್ನೂ ಕಪ್ಪುಹಲಗೆಯನ್ನೂ ಕೊಟ್ಟವರು ಮರುಳಸಿದ್ದಯ್ಯನವರು. ಕೊಬ್ಬರಿ ವ್ಯಾಪಾರದಲ್ಲಿ ತಿಪಟೂರಿನವರೆಗೆ ಹೆಸರಾದವರು, ಹೆಣ್ಣುಮಕ್ಕಳು ಕಲಿಯಲಿ ಎಂದು ಬೆಂಚು ಕೊಟ್ಟರು. ಅಂಥ ದೊಡ್ಡ ಮನಸ್ಸು ಎಷ್ಟು ಜನರಿಗಿದೆ? ಆ ಬೆಂಚುಗಳಲ್ಲಿ ಒಂದರ ತುದಿ ಈಗ ಖಾಲಿ ಇದೆ. ಅಲ್ಲಿ ಕೂರುತ್ತಿದ್ದವರು ಅವರದೇ ಸೊಸೆ ಸರ್ವಮಂಗಳ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಂಗ್ಲಿಷಿನ ವಾಕ್ಯಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಅದನ್ನು ಮೊದಲು ಮುಗಿಸುತ್ತೇನೆ.

ವಾಕ್ಯದಲ್ಲಿ ನಾಲ್ಕು ವಿಧ. ಇರುವುದನ್ನು ಹೇಳುವುದು ಒಂದು, ಕೇಳುವುದು ಒಂದು, ಮಾಡು ಎನ್ನುವುದು ಒಂದು, ಅಬ್ಬಾ ಎನ್ನುವುದು ಒಂದು. ಪುಸ್ತಕದಲ್ಲಿ ಇವಕ್ಕೆ ಅಸರ್ಟಿವ್, ಇಂಟರಾಗೇಟಿವ್, ಇಂಪರೇಟಿವ್, ಎಕ್ಸ್‌ಕ್ಲಮೇಟರಿ ಎಂಬ ಹೆಸರುಗಳಿವೆ. ಹೆಸರಿಗೆ ಹೆದರಬೇಡಿ, ನಾಲ್ಕೂ ನಿಮ್ಮ ಮನೆಯಲ್ಲಿವೆ. ಯಾರ ಬಾಯಲ್ಲಿವೆ ಎಂಬುದಷ್ಟೇ ಪ್ರಶ್ನೆ.

ಮಾಡು ಎನ್ನುವ ವಾಕ್ಯಕ್ಕೆ ಉದಾಹರಣೆ ಕೊಡಿ ಎಂದಾಗ ನಮ್ಮ ಅಕ್ಕಂದಿರು ಒಂದೇ ಉಸಿರಿಗೆ ಕೊಟ್ಟರು: ತಟ್ಟೆ ಇಡು, ಬಾಗಿಲು ತೆಗಿ, ಕಾಯಿ ಕೀಳೋರು ಬಂದವ್ರೆ ಕಾಫಿ ಕಾಸು, ಸುಮ್ಕಿರು. ಇವೆಲ್ಲ ನಿಮಗೆ ಬೇರೆಯವರು ಹೇಳುವುದಾಯಿತು, ನೀವು ಹೇಳುವುದನ್ನು ಹೇಳಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ರಂಗಮ್ಮನವರು ಎದ್ದು, "ಹಸುಗೆ ಹೇಳ್ತೀವಲ್ಲ ಮೇಡಂ, ಸರ್ಕೊ ಅಂತ" ಅಂದರು. ಅದು ಸರಿಯಾದ ಉತ್ತರವೇ. ಪೂರ್ತಿ ಅಂಕ ಕೊಟ್ಟೆ.

ಕೇಳುವ ವಾಕ್ಯ ಬಂದಾಗ ಇನ್ನೂ ಕಷ್ಟವಾಯಿತು. "ಯಾರನ್ನ ಕೇಳಾದು ಮೇಡಂ?" ಅಂದರು. ಅದೇ ಒಂದು ಪ್ರಶ್ನೆ ಎಂಬುದು ಅವರಿಗೆ ಹೊಳೆಯಲಿಲ್ಲ. ನಗಬೇಡಿ, ನನ್ನ ಕಥೆಯೂ ಅದೇ. ಹೋದ ವರ್ಷ ನನ್ನನ್ನು ನೋಡಲು ಬಂದಿದ್ದ ಹುಡುಗ, "ನೀವೇನಾದ್ರೂ ಕೇಳ್ಬೇಕಾ?" ಅಂದ. ಕೇಳುವುದು ಬೇಕಾದಷ್ಟಿತ್ತು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಒಳ್ಳೆಯ ಹುಡುಗಿ ಎಂದು ಎಲ್ಲರೂ ಮೆಚ್ಚಿದರು. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಬರಲಿಲ್ಲ. ಯಾಕೆ ಎಂದು ಅದನ್ನೂ ಕೇಳಲಿಲ್ಲ. ಇರಲಿ, ಇದು ಸಭೆಗೆ ಸಂಬಂಧಪಟ್ಟಿದ್ದಲ್ಲ.

ಅದಕ್ಕೇ ಒಂದು ಹೋಂವರ್ಕ್ ಕೊಟ್ಟೆ. ಮನೆಯಲ್ಲಿ ಯಾರಾದರೊಬ್ಬರನ್ನು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ.

ಎಲ್ಲರೂ ಮಕ್ಕಳನ್ನು ಕೇಳಿ ಬಂದರು. ಸರ್ವಮಂಗಳಕ್ಕ ಮಾತ್ರ ಮಾವನವರನ್ನು ಕೇಳಿದರು. ಮದುವೆಯಾಗಿ ಬಂದು ಹದಿನಾರು ವರ್ಷದಲ್ಲಿ ಅವರನ್ನು ಕೇಳಿದ ಮೊದಲ ಪ್ರಶ್ನೆಯಂತೆ. ಅಂದು ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಚೀಲಗಳನ್ನು ಗಾಡಿಗೆ ತುಂಬಿ ಆಗಿತ್ತು. ಮರುಳಸಿದ್ದಯ್ಯನವರು ಚಪ್ಪಲಿ ಮೆಟ್ಟಿ ಹೊಸಿಲು ದಾಟುತ್ತಿದ್ದರು. ಆಗ ಹಿಂದಿನಿಂದ, "ವೇರ್ ಆರ್ ಯು ಗೋಯಿಂಗ್?"

ಸಭಿಕರೇ, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬುದು ನಮ್ಮ ಕಡೆ ತೊಟ್ಟಿಲಲ್ಲಿರುವ ಮಗುವಿಗೂ ಗೊತ್ತು. ಸರ್ವಮಂಗಳಕ್ಕನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ಕನ್ನಡದ್ದು, ಇದು ಪಾಠದ್ದು ಅಂದುಕೊಂಡರು.

"ಏನಂದೆ?" ಅಂದರು ಮಾವ.

"ಹೋಂವರ್ಕ್ ಮಾವ."

"ಹೊರಟೋನ್ನ ಎಲ್ಲಿಗೆ ಅಂತ ಕೇಳಾದು ಹೋಂವರ್ಕಾ? ಯಾವಳವಳು ನಿಮ್ಮ ಮೇಡಮ್ಮು?"

ಅವಳು ನಾನೇ. ಅವರು ಒಳಗೆ ಹೋಗಿ ಕೂತು, ನೀರು ಕುಡಿದು, ದೋಷ ಕಳೆಯಲಿ ಎಂದು ಎರಡನೇ ಸಲ ಕೂತು, ಮತ್ತೆ ಹೊರಟು ತಿಪಟೂರು ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಗಾಡಿ ಚೀಲಗಳ ಸಮೇತ ಹಿಂದಕ್ಕೆ ಬಂತು.

ಕಲ್ಲೇಶಣ್ಣನ ಹೋಟೆಲಿನಲ್ಲಿ ಇದು ದೊಡ್ಡ ಚರ್ಚೆಯಾಯಿತು. ತಾವೂ ಹರಾಜಿಗೆ ಕೊಬ್ಬರಿ ಒಯ್ಯುವ ವೆಂಕಟಯ್ಯನವರು, "ಶಕುನ ಏನಿದ್ರೂ ಕನ್ನಡದಾಗೆ ಕಣ್ಲಾ. ಇಂಗ್ಲಿಷ್ನಾಗೆ ಕೇಳಿದ್ರೆ ಅದು ತಟ್ಟಾಕಿಲ್ಲ" ಅಂದರು. "ಸಂಸ್ಕೃತ ಬರೋ ದೇವ್ರಿಗೆ ಇಂಗ್ಲಿಷ್ ಬರಾಕಿಲ್ವಾ? ಬುಡು ಬುಡು" ಅಂದರು ಕಲ್ಲೇಶಣ್ಣ. ಅಷ್ಟರಲ್ಲಿ ನಾನು ಬಸ್ಸು ಇಳಿದೆ. ಮೇಡಂ ಹೇಳಲಿ ಎಂದು ನಿಲ್ಲಿಸಿಕೊಂಡರು. ಎಂ.ಎ. ಸಿಲಬಸ್ಸಿನಲ್ಲಿ ಇದು ಇರಲಿಲ್ಲ ಎಂದು ಹೇಳಿ ಡೇರಿಯ ಮೆಟ್ಟಿಲು ಹತ್ತಿದೆ.

ಮುಂದಿನ ಹರಾಜಿಗೆ ಧಾರಣೆ ಏರಿತು. ಸುಮ್ಮನೆ ಏರಲಿಲ್ಲ, ಆ ವರ್ಷ ಯಾರೂ ಕಾಣದಷ್ಟು ಏರಿತು. ಹಿಂದಿನ ಹರಾಜಿನಲ್ಲೇ ಮಾರಿದವರೆಲ್ಲ ಕೈ ಹಿಸುಕಿಕೊಂಡರು, ಹಿಂದಕ್ಕೆ ಬಂದಿದ್ದ ಚೀಲಗಳಿಗೆ ಒಳ್ಳೆಯ ಲಾಭವಾಯಿತು. ಅಂದಿನಿಂದ ಏನಾಯಿತೆಂದು ನಿಮಗೆ ಗೊತ್ತು. ಹರಾಜಿನ ದಿನ ಬೆಳಿಗ್ಗೆ ಸೊಸೆ ಬಾಗಿಲಲ್ಲಿ ನಿಲ್ಲಬೇಕು. ಮಾವನವರು ಹೊಸಿಲ ಮೇಲೆ ಕಾಲಿಟ್ಟು, "ಹೂಂ, ಕೇಳಮ್ಮ" ಅನ್ನಬೇಕು. ಅವರು ವೇರ್ ಆರ್ ಯು ಗೋಯಿಂಗ್ ಅನ್ನಬೇಕು. ಇವರು ಉತ್ತರಿಸದೆ ಹೊರಡಬೇಕು. ಇಂಗ್ಲಿಷಿನಲ್ಲಿ ಶಕುನ ತಟ್ಟುವುದಿಲ್ಲ ಅಂದಿದ್ದ ವೆಂಕಟಯ್ಯನವರೇ, ತಾವು ಹರಾಜಿನ ದಿನ ಬೈಕನ್ನು ಆ ಬೀದಿಗೆ ತಿರುಗಿಸಿ ಆ ಗೇಟಿನ ಮುಂದೆ ನಿಧಾನ ಮಾಡುವುದು ಯಾಕೆ? ನಾನು ಬೇರೆ ಏನೂ ಹೇಳುತ್ತಿಲ್ಲ, ಕೇಳುವ ವಾಕ್ಯಕ್ಕೆ ಒಂದು ಉದಾಹರಣೆ ಕೊಟ್ಟೆ.

ಇಷ್ಟು ಲಾಭ ತಂದ ಪಾಠಕ್ಕೆ ಮನೆಯವರು ಏನು ಮಾಡಬೇಕಿತ್ತು? ಇನ್ನಷ್ಟು ಕಲಿಯಮ್ಮ ಎನ್ನಬೇಕಿತ್ತು. ಕ್ಲಾಸು ಬಿಡಿಸಿದರು. "ಬೇಕಾದ್ದು ಕಲ್ತಾಯ್ತಲ್ಲ. ಇನ್ನೂ ಹೆಚ್ಗೆ ಕಲಿಯಾಕೋಗಿ ಆ ಪ್ರಶ್ನೆ ಗುಣ ಕೆಟ್ಟೋದ್ರೆ?" ಬೆಂಚು ಕೊಟ್ಟವರ ಮಾತು, ಯಾರು ಎದುರಾಡುತ್ತಾರೆ?

ಡೇರಿಗೆ ಹಾಲು ಹಾಕಲು ಬಂದಾಗ ಸರ್ವಮಂಗಳಕ್ಕ ಸಿಕ್ಕಿದರು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪಾಸಾದವರು ಅವರು. ಮುಂದಿನ ತಿಂಗಳು ಆ ಒಂದು ಪರೀಕ್ಷೆಗೆ ಕೂರುವವರಿದ್ದರು. "ನನ್ ಹೆಸ್ರಿನ ಮುಂದೆ ಫೇಲ್ ಅನ್ನಾದು ಮದುವೆಗೆ ಮೊದ್ಲಿಂದ ಹಂಗೇ ಐತೆ ಮೇಡಂ. ಅದನ್ನ ಅಳಸ್ಬೇಕು, ಅಷ್ಟೇಯ" ಅಂದರು. ಕ್ಯಾನು ಎತ್ತಿಕೊಂಡು ಹೋದರು.

ಕಳೆದ ಗುರುವಾರದ ಹರಾಜಿಗೆ ಗಾಡಿ ತುಂಬಿತ್ತು. ಮಾವನವರು ಹೊಸಿಲ ಮೇಲೆ ಕಾಲಿಟ್ಟು, "ಕೇಳಮ್ಮ" ಅಂದರು. ಸೊಸೆ ಮಾತಾಡಲಿಲ್ಲ. "ಕೇಳಮ್ಮ, ಹೊತ್ತಾಯ್ತದೆ." ಇಲ್ಲ. ಗಂಡ ಮಲ್ಲೇಶ್ ಬಂದು, "ಅದೇನ್ ಕೇಳೇ, ಗಾಡಿ ನಿಂತೈತೆ" ಅಂದರು. ಆಗ ಅವರು, "ಕ್ಲಾಸಿಗೆ ಕಳಿಸಿದ್ರೆ ಕೇಳ್ತೀನಿ ಮಾವ" ಅಂದರು.

ಆ ಕೊಬ್ಬರಿ ಮತ್ತೆ ಅಟ್ಟ ಸೇರಿದೆ. ನಾಳೆ ಸೋಮವಾರ, ಮತ್ತೆ ಹರಾಜು. ಧಾರಣೆ ಇಳಿಯುತ್ತದೆಂಬ ಸುದ್ದಿಯೂ ಇದೆ.

ಈಗ ನಿಮಗೆ ಅರ್ಥವಾಗಿರಬಹುದು, ಇಷ್ಟು ದೊಡ್ಡ ಸಭೆಗೆ ನನ್ನಂಥವಳನ್ನು ಯಾಕೆ ಕರೆದರೆಂದು. "ವಾಕ್ಯ ಗೀಕ್ಯ ಹೇಳಿದ್ಮೇಲೆ ಆ ಯಮ್ಮಂಗೆ ಒಂದು ಮಾತು ಹೇಳಿ ಮೇಡಂ, ನೀವ್ ಹೇಳಿದ್ರೆ ಕೇಳ್ತಾರೆ" ಎಂದು ರವೀಂದ್ರ ಅವರು ಕೋರಿದ್ದರು. ಕಾರ್ಯದರ್ಶಿಗಳೇ, ತಮ್ಮ ಮಾತನ್ನು ನಾನು ಮೀರಿಲ್ಲ. ನಿನ್ನೆಯೇ ಹೋಗಿ ಹೇಳಿದೆ. ಅವರು ಕೊಟ್ಟ ಉತ್ತರವನ್ನು ಸಭೆಗೆ ಒಪ್ಪಿಸುತ್ತೇನೆ: "ಅಷ್ಟು ದಿನ ಬಾಗ್ಲಲ್ಲಿ ನಿಂತು ಕೇಳಿದ್ನಲ್ಲ ಮೇಡಂ, ಒಂದಿನಾನಾದ್ರೂ ಎಲ್ಲಿಗೆ ಅಂತ ಮಾವ ಹೇಳಿದ್ರಾ?"

ಆ ಪ್ರಶ್ನೆಯನ್ನು ಹಾಗೆಯೇ ಇಲ್ಲಿಗೆ ತಂದಿದ್ದೇನೆ. ಉತ್ತರ ವೇದಿಕೆಯ ಮೇಲೆ ಇದ್ದರೆ...

ಸಭಿಕರೇ, ಐದು ಗಂಟೆಯಾಗುತ್ತಾ ಬಂತು. ಭಾನುವಾರ ಐದಕ್ಕೆ ನಮ್ಮ ಕ್ಲಾಸು. ಮೂರನೇ ಸಾಲಿನಲ್ಲಿ ಸರ್ವಮಂಗಳಕ್ಕ ಎದ್ದಿದ್ದಾರೆ. ಸೆರಗು ಸರಿ ಮಾಡಿಕೊಂಡು ವೇದಿಕೆಯ ಮುಂದೆಯೇ ಬಾಗಿಲ ಕಡೆ ನಡೆಯುತ್ತಿದ್ದಾರೆ. ಕೈಯಲ್ಲಿ ಪುಸ್ತಕವಿದೆ. ಮರುಳಸಿದ್ದಯ್ಯನವರು ಮುಂದಕ್ಕೆ ಬಾಗಿ ಬಾಯಿ ತೆರೆದರು. ಏನನ್ನೋ ಕೇಳಬೇಕೆಂದಿದ್ದರು, ಕೇಳದೆ ಹಾಗೇ ಹಿಂದಕ್ಕೆ ಒರಗಿದರು. ಹೊರಟವರನ್ನು ಅದೊಂದು ಕೇಳಬಾರದೆಂದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಹಿರಿಯರೇ, ತಮಗೆ ನನ್ನ ಮನಸಾರೆ ಕೃತಜ್ಞತೆ. ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆ, ಅವರು ಮೆಟ್ಟಿಲ ಮೇಲೆ ಕಾಯುವಂತಾಗಬಾರದು. ಕೇಳಿಸಿಕೊಂಡ ಎಲ್ಲರಿಗೂ ವಂದನೆ, ನಮಸ್ಕಾರ.