ನಗೋ ಅತ್ತೆಗೊಂದು ಆಧಾರ

ಲುಸಾಕಾದ ಮಿನಿಬಸ್ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಗೆಳತಿಯರು ಜಗಳಕ್ಕೆ ನಿಂತಿದ್ದರು. ಜೆಲಿಪಾ ಎಂಗೋನಿ ಕುಲದವಳು, ಚಿಲುಫ್ಯಾ ಬೆಂಬಾ ಕುಲದವಳು. ಈ ಎರಡು ಕುಲದವರು ತಮಾಷೆಗೆ ಒಬ್ಬರನ್ನೊಬ್ಬರು ಛೇಡಿಸಿಕೊಳ್ಳದೆ ಆಡಿದ ಮಾತು ಮಾತೇ ಅಲ್ಲ. ಜಗಳ ಹಳೆಯ ರೇಡಿಯೋ ನಾಟಕವೊಂದರ ಬಗ್ಗೆ ಅಭಿಮಾನಿಗಳೇ ಸೇರಿ ಬರೆದು ತಿದ್ದುವ ವಿಕಿ ಪುಟದ್ದು.

“ನಾಟಕದಲ್ಲಿ ನಗೋ ಅತ್ತೆ ಪಾತ್ರ ಮಾಡಿದ್ದು ನಮ್ಮಮ್ಮಾನೇ ಕಣೇ. ಅವಳ ಹೆಸರು ಯಾಕೆ ಅಳಿಸ್ದೆ, ಕೋತಿ ತಿನ್ನೋಳೇ?” ಎಂದಳು ಜೆಲಿಪಾ.

“ಆಧಾರ ಎಲ್ಲಿದೆ, ಇಲಿ ತಿನ್ನೋಳೇ?”

“ಪೇಪರಲ್ಲೇ ಬಂದಿತ್ತಲ್ಲ! ಕೆಳಗೆ ಟಿಪ್ಪಣೀಲಿ ಹಾಕಿದ್ದೆ.”

“ಪೇಪರಿನೋರು ನಮ್ಮ ಪುಟ ನೋಡ್ಕೊಂಡೇ ಬರ್ದಿರೋದು. ನಾಟಕ ಬರ್ತಿದ್ದಿದ್ದು ಬುಧವಾರ. ನಾನು ಗಡಿಬಿಡೀಲಿ ಗುರುವಾರ ಅಂತ ಹಾಕಿದ್ದೆ. ಅವರೂ ಗುರುವಾರ ಅಂದಿದಾರೆ. ನಮ್ಮ ಮಾತಿಗೆ ನಾವೇ ಸಾಕ್ಷಿ ಆಗೋಕಾಗುತ್ತಾ?”

ಜೆಲಿಪಾಳ ದನಿ ಇಳಿಯಿತು. “ಆಗೆಲ್ಲ ರೇಡಿಯೋದಲ್ಲಿ ನಟರ ಹೆಸರು ಹೇಳ್ತಾನೇ ಇರ್ಲಿಲ್ಲ. ಅಮ್ಮ ಹೆಸರಿಲ್ದೇನೇ ಹೋಗ್ಬೇಕಾ?”

“ಒಂದು ಕಂತಿನ ಕ್ಯಾಸೆಟ್ ಸಿಕ್ಕಿದೆಯಲ್ಲ, ಅದ್ರಲ್ಲಿ ಆ ನಗು ಇದೆ. ನಿಮ್ಮಮ್ಮ ಈಗ ನಗೋದನ್ನ ರೆಕಾರ್ಡ್ ಮಾಡು. ಎರಡನ್ನೂ ಪಕ್ಕಪಕ್ಕ ಹಾಕೋಣ. ಕೇಳಿದೋರೇ ತೀರ್ಮಾನ ಮಾಡ್ಲಿ.”

“ಅಪ್ಪ ಹೋದ್ಮೇಲೆ ಅಮ್ಮ ನಕ್ಕೇ ಇಲ್ಲ ಕಣೇ.”

ಮಿನಿಬಸ್ ಬಂತು. ಜೆಲಿಪಾಳನ್ನು ಒಳಗೆ ತಳ್ಳಿ ಚಿಲುಫ್ಯಾ ತಾನೂ ಹತ್ತಿದಳು.

“ಏ, ಇದು ನಿಮ್ಮನೆ ಕಡೆ ಹೋಗಲ್ಲ!”

“ಗೊತ್ತು, ಆ ಕಡೆ ಸರ್ಕೋ. ಬೆಂಬಾ ಹುಡ್ಗಿ ನಿಮ್ಮನೆ ಬಾಗಿಲಲ್ಲಿ ನಿಂತು ‘ಅಮ್ಮಾ, ಇವತ್ತು ಎಷ್ಟು ಇಲಿ ಬೇಯ್ಸಿದ್ರಿ?’ ಅಂದ್ರೆ, ಅವರು ಅದು ಹೇಗೆ ನಗಲ್ವೋ ನಾನೂ ನೋಡ್ತೀನಿ.”